ಸೊನ್ನೆಯೋ, ಒಂದೋ? ಮೈಕ್ರೊಫಿಲ್ಮ್ ಸಂಗ್ರಹಗಳನ್ನು ಕುರಿತು ಒಂದು ವಿಮರ್ಶೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವೆ ಇರುವ ಹದಿನಾರು ಗ್ರಾಮದ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಮೈಸೂರು ಅರಸರ ಮೂಲಕಥೆಯಲ್ಲಿ ಕೇಳಿರುತ್ತಾರೆ. ಪಕ್ಷಿವೀಕ್ಷಕರಿಗೆ ಆ ಊರು ಗೊತ್ತಿರುವುದು ಚಳಿಗಾಲದಲ್ಲಿ ಅಲ್ಲಿನ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಂದ. ನನಗೆ ಅದು ತಾಯಿಯ ತವರೂರು. ಆ ಭಾಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಸಂಜೆ ಮೈಸೂರಿನ ನಮ್ಮ ಮನೆಗೆ ಬಂದು, ಮೇಜಿನ ಮೇಲೆ ಎರಡು ಕಾಗದಗಳನ್ನು ಹರಡಿ, "ಸಾರ್, ಇದು ಸೊನ್ನೆಯೋ ಒಂದೋ, ನೀವೇ ಹೇಳಿ" ಎಂದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ವಿಷಯ ಹೀಗಿತ್ತು. ಅವರ ಮಕ್ಕಳು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ 1924ರ ಜುಲೈ ತಿಂಗಳ ಮಹಾಪೂರವನ್ನು ಕುರಿತು ಒಂದು ಯೋಜನೆ ಕೈಗೊಂಡಿದ್ದರು. ಆ ವರ್ಷ ಕಾವೇರಿಯೂ ಕಪಿಲೆಯೂ ಉಕ್ಕಿ ಹರಿದವು. ಕನ್ನಂಬಾಡಿ ಕಟ್ಟೆ ಆಗ ಇನ್ನೂ ಕಟ್ಟಲ್ಪಡುತ್ತಿತ್ತು. ಕಬಿನಿ ಅಣೆಕಟ್ಟಂತೂ 1970ರ ದಶಕದ್ದು. ಕೇರಳದವರು ಅದೇ ಪೂರವನ್ನು ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ‘ತೊಂಬತ್ತೊಂಬತ್ತರ ಪ್ರವಾಹ’ ಎಂದು ಇಂದಿಗೂ ನೆನೆಯುತ್ತಾರೆ. ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಮಕ್ಕಳ ಪ್ರಶ್ನೆ ಎಷ್ಟು ಸೊಗಸಾದುದೆಂದು ತಿಳಿಯುತ್ತದೆ: ಹೊಳೆಸಾಲಿನ ಗದ್ದೆಗಳಿಗೆ ನೀರು ನುಗ್ಗಿದ್ದು ಊರಿನ ಮಳೆಯಿಂದಲೋ, ಊರಿನಲ್ಲಿ ಹನಿ ಬೀಳದಿದ್ದರೂ ವಯನಾಡಿನಿಂದ ಇಳಿದುಬಂದ ಹೊಳೆಯಿಂದಲೋ?

ಉತ್ತರಕ್ಕೆ ಬೇಕಾದುದು ದಿನದಿನದ ಮಳೆಯ ಲೆಕ್ಕ. ಗ್ರಂಥಾಲಯವೊಂದರಲ್ಲಿ (ಹೆಸರು ಬೇಡ) ಆ ತಿಂಗಳ ಕನ್ನಡ ಪತ್ರಿಕೆಯೊಂದು ಮೈಕ್ರೊಫಿಲ್ಮ್ ರೂಪದಲ್ಲಿ ಇತ್ತು. ಶಿಕ್ಷಕರು ಒಂದು ಪುಟದ ಮುದ್ರಿತ ಪ್ರತಿ ತೆಗೆಸಿಕೊಂಡು ಬಂದಿದ್ದರು. ಅದರಲ್ಲಿ ತಾಲ್ಲೂಕುವಾರು ಮಳೆಯ ಪಟ್ಟಿ, ಅಂಗುಲ ಮತ್ತು ಸೆಂಟುಗಳಲ್ಲಿ, ಕನ್ನಡ ಅಂಕಿಗಳಲ್ಲಿ. ನಂಜನಗೂಡಿನ ಸಾಲಿನಲ್ಲಿ ಎರಡು ದಿನಗಳ ಅಂಗುಲದ ಅಂಕಿ ಎರಡು ಕರಿಯ ಗುಂಡುಗಳಾಗಿದ್ದವು. ಕನ್ನಡದ ೦ ಮುಚ್ಚಿದ ವೃತ್ತ. ೧ ಬಾಯಿ ತೆರೆದ ವೃತ್ತ. ಬಾಯಿ ಮುಚ್ಚಿಹೋದರೆ ಒಂದು ಸೊನ್ನೆಯಾಗುತ್ತದೆ, ಒಂದು ಅಂಗುಲ ಮಳೆ ಮಾಯವಾಗುತ್ತದೆ. ಮಕ್ಕಳು ಎರಡನ್ನೂ ಸೊನ್ನೆ ಎಂದು ಓದಿ, "ಊರಿನಲ್ಲಿ ಮಳೆಯೇ ಇರಲಿಲ್ಲ, ಎಲ್ಲವೂ ವಯನಾಡಿನ ನೀರು" ಎಂಬ ತೀರ್ಮಾನಕ್ಕೆ ಬಂದಿದ್ದರು.

ಪಟ್ಟಿಯ ಕೊನೆಯಲ್ಲಿ ವಾರದ ಮೊತ್ತವಿತ್ತು. ಅದು ಸ್ಪಷ್ಟವಾಗಿಯೇ ಇತ್ತು. ಕೂಡಿ ನೋಡಿದರೆ ಒಂದು ಅಂಗುಲ ಕಡಮೆ ಬರುತ್ತದೆ. ಎಂದರೆ ಆ ಎರಡು ಗುಂಡುಗಳಲ್ಲಿ ಒಂದು ೧, ಇನ್ನೊಂದು ೦. ಯಾವುದು ಯಾವುದು? ಮೊತ್ತ ಅದನ್ನು ಹೇಳಲಾರದು. ಮೊದಲ ದಿನ ಮಳೆ ಬಿದ್ದಿದ್ದರೆ ಹೊಳೆ ಏರುವ ಮುನ್ನವೇ ಊರಿನ ಮಣ್ಣು ನೆನೆದಿತ್ತು. ಎರಡನೆಯ ದಿನ ಬಿದ್ದಿದ್ದರೆ ಹೊಳೆ ಏರಿದ ಮೇಲೆ ಮಳೆ ಬಂತು. ಮಕ್ಕಳ ಪ್ರಶ್ನೆಯ ಉತ್ತರವೆಲ್ಲ ಈ ಎರಡು ಚುಕ್ಕೆಗಳಲ್ಲಿ ಅಡಗಿತ್ತು.

ನಾನೇ ಹೋಗಿ ಫಿಲ್ಮ್ ನೋಡಿದೆ. ಅಲ್ಲಿ ಕಂಡದ್ದನ್ನು ಹೇಳುವ ಮುನ್ನ ಫಿಲ್ಮಿನ ಮೇಲೆ ಪುಟವೊಂದು ಹೇಗೆ ಕುಳಿತಿರುತ್ತದೆ ಎಂಬುದನ್ನು ನೋಡೋಣ.

ಹತ್ತು ಮೈಕ್ರಾನಿನ ಬಾಯಿ

ಮೈಕ್ರೊಫಿಲ್ಮ್ ಹೊಸದೇನಲ್ಲ. ಛಾಯಾಗ್ರಹಣ ಲೋಕಕ್ಕೆ ತಿಳಿದ ವರ್ಷ, 1839ರಲ್ಲೇ, ಮ್ಯಾಂಚೆಸ್ಟರಿನ ಜಾನ್ ಬೆಂಜಮಿನ್ ಡ್ಯಾನ್ಸರ್ ದಸ್ತಾವೇಜುಗಳನ್ನು 160 ಪಟ್ಟು ಕಿರಿದಾಗಿಸಿ ಚಿತ್ರಿಸಿದ್ದ. 1870-71ರಲ್ಲಿ ಪ್ಯಾರಿಸ್ ನಗರ ಮುತ್ತಿಗೆಗೆ ಸಿಕ್ಕಾಗ ರೆನೆ ದಾಗ್ರೊನ್ ಸಾವಿರಾರು ಸಂದೇಶಗಳನ್ನು ಸಣ್ಣ ಫಿಲ್ಮ್ ತುಣುಕುಗಳಿಗೆ ಇಳಿಸಿ ಪಾರಿವಾಳಗಳ ಬಾಲಕ್ಕೆ ಕಟ್ಟಿ ಕಳುಹಿಸುವ ವ್ಯವಸ್ಥೆ ಮಾಡಿದ. ಗ್ರಂಥಾಲಯಗಳಿಗೆ ಅದು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಪತ್ರಿಕೆಗಳಿಗೆ ಸಾಮಾನ್ಯವಾಗಿ 35 ಮಿಮೀ ಅಗಲದ, ಸುಮಾರು 30 ಮೀಟರ್ ಉದ್ದದ ಸುರುಳಿ. ವರದಿ, ಪ್ರಬಂಧಗಳಿಗೆ ಅಂಚೆಕಾರ್ಡಿನಷ್ಟು ದೊಡ್ಡ, 105 x 148 ಮಿಮೀ ಹಾಳೆ. ಈ ಹಾಳೆಯೇ ಮೈಕ್ರೊಫಿಶ್. 24 ಪಟ್ಟು ಕಿರಿದಾಗಿಸಿದರೆ ಒಂದು ಹಾಳೆಯಲ್ಲಿ 98 ಪುಟ ಹಿಡಿಯುತ್ತವೆ.

ನಮ್ಮ ದೇಶದ ವಿಜ್ಞಾನಿಗಳಿಗೂ ಇದರ ಋಣವಿದೆ. 1952ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಇನ್ಸ್‌ಡಾಕ್ ಸಂಸ್ಥೆ ವಿದೇಶಿ ಸಂಶೋಧನ ಲೇಖನಗಳ ಛಾಯಾಪ್ರತಿ, ಮೈಕ್ರೊಫಿಲ್ಮ್ ಪ್ರತಿಗಳನ್ನು ತರಿಸಿ ಕೊಡುತ್ತಿತ್ತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 1970ರಲ್ಲಿ ಆರಂಭಿಸಿದ ಐನಿಸ್ ಮಾಹಿತಿ ವ್ಯವಸ್ಥೆಯ ವರದಿಗಳೂ ದಶಕಗಳ ಕಾಲ ಮೈಕ್ರೊಫಿಶ್ ಆಗಿಯೇ ಬರುತ್ತಿದ್ದವು. 1990ರ ದಶಕದಲ್ಲಿ ನನ್ನ ಡಾಕ್ಟರೇಟ್ ಪ್ರಬಂಧಕ್ಕೆ ಬೇಕಾದ ಮೂರು ವರದಿಗಳನ್ನು ನಾನು ಓದಿದ್ದು ಹಾಗೆಯೇ, ಕತ್ತಲ ಕೋಣೆಯೊಂದರಲ್ಲಿ, ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳನ್ನು ದಿಟ್ಟಿಸುತ್ತ. ತಲೆನೋವು ಬಂದದ್ದು ಚೆನ್ನಾಗಿ ನೆನಪಿದೆ. ವರದಿಗಳಲ್ಲಿ ಏನಿತ್ತೆಂಬುದು ಅಷ್ಟಾಗಿ ನೆನಪಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪತ್ರಿಕೆಯ ಪುಟ ಸುಮಾರು 600 ಮಿಮೀ ಎತ್ತರ. ಅದನ್ನು 35 ಮಿಮೀ ಫಿಲ್ಮಿಗೆ ಇಳಿಸಲು ಸುಮಾರು 20 ಪಟ್ಟು ಕಿರಿದಾಗಿಸಬೇಕು. ಪಟ್ಟಿಯ ಸಣ್ಣಚ್ಚಿನಲ್ಲಿ ಅಂಕಿಯ ಎತ್ತರ 1.5 ಮಿಮೀ, ೧ರ ತೆರೆದ ಬಾಯಿ ಹೆಚ್ಚೆಂದರೆ 0.2 ಮಿಮೀ. ಫಿಲ್ಮಿನ ಮೇಲೆ ಆ ಬಾಯಿ 0.01 ಮಿಮೀ, ಎಂದರೆ 10 ಮೈಕ್ರಾನ್. ಯಾವ ಮಸೂರವೂ ಬಿಂದುವನ್ನು ಬಿಂದುವಾಗಿ ಚಿತ್ರಿಸಲಾರದು, ವಿವರ್ತನೆಯ ದೆಸೆಯಿಂದ ಅದೊಂದು ಪುಟ್ಟ ತಟ್ಟೆಯಾಗುತ್ತದೆ ಎಂಬುದನ್ನು ಪದವಿ ತರಗತಿಯಲ್ಲಿ ಕಲಿಸುತ್ತೇವೆ. ಈ ‘ಏರಿ ತಟ್ಟೆ’ಯ ವ್ಯಾಸ 2.44 x ತರಂಗದೂರ x ಮಸೂರದ ಎಫ್-ಸಂಖ್ಯೆ. ಹಸಿರು ಬೆಳಕಿಗೆ 0.5 ಮೈಕ್ರಾನ್, ಎಫ್-ಸಂಖ್ಯೆ 8 ಎಂದುಕೊಂಡರೆ ಬರುವ ಉತ್ತರ 9.8 ಮೈಕ್ರಾನ್! ಅಂಕಿಯ ಬಾಯಿಯೂ ಮಸೂರದ ಮಸುಕೂ ಒಂದೇ ಗಾತ್ರ. ಮಸೂರವನ್ನು ಇನ್ನಷ್ಟು ತೆರೆದರೆ ತಟ್ಟೆ ಕಿರಿದಾಗುತ್ತದೆ, ನಿಜ. ಆದರೆ ಆಗ ದಪ್ಪ ಸಂಪುಟದ ಬಾಗಿದ ಪುಟ ಎಲ್ಲ ಕಡೆ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಬೆನ್ನಿನ ಹತ್ತಿರದ ಅಂಕಣ ಮಬ್ಬಾಗುತ್ತದೆ. ನಮ್ಮ ಪಟ್ಟಿ ಇದ್ದದ್ದು ಆ ಅಂಕಣದಲ್ಲೇ.

ಮಸುಕು ಒಂದೇ ಆಗಿದ್ದರೆ ಅಷ್ಟು ತೊಂದರೆಯಿರಲಿಲ್ಲ. ಮಸುಕಿನಲ್ಲಿ ಬಾಯಿಯ ಜಾಗ ಪೂರ್ತಿ ಕಪ್ಪಾಗುವುದಿಲ್ಲ, ಬೂದಾಗುತ್ತದೆ. ಬೂದು ಕಂಡರೆ ಓದುಗ ಅನುಮಾನ ಪಡುತ್ತಾನೆ. ಆದರೆ ಮೈಕ್ರೊಫಿಲ್ಮ್ ಬೂದನ್ನು ಸಹಿಸದ ಫಿಲ್ಮ್. ಅಚ್ಚಿನ ಪುಟದಲ್ಲಿ ಇರುವುದು ಕಪ್ಪು, ಬಿಳುಪು ಎರಡೇ ಎಂಬ ನಂಬಿಕೆಯಿಂದ ಅದನ್ನು ಅತಿ ಹೆಚ್ಚು ವೈದೃಶ್ಯ ಬರುವಂತೆ ತಯಾರಿಸುತ್ತಾರೆ. ಬೂದು ಬಂದರೆ ಅದು ಈ ಕಡೆಗೋ ಆ ಕಡೆಗೋ ತಳ್ಳಿಬಿಡುತ್ತದೆ. ಎಂದರೆ ಫಿಲ್ಮ್ ಇಲ್ಲಿ ತೀರ್ಪುಗಾರನಾಗುತ್ತದೆ, ತೀರ್ಪಿಗೆ ಕಾರಣ ಕೊಡುವುದಿಲ್ಲ. ಗ್ರಂಥಾಲಯದಲ್ಲಿ ನಮ್ಮ ಕೈಗೆ ಬರುವುದು ಕ್ಯಾಮೆರಾದಿಂದ ಬಂದ ಮೊದಲ ಫಿಲ್ಮೂ ಅಲ್ಲ. ಅದರಿಂದ ತೆಗೆದ ಪ್ರತಿಯ ಪ್ರತಿ, ಮೂರನೆಯ ತಲೆಮಾರು. ಮೂರು ತಲೆಮಾರು, ಮೂರು ತೀರ್ಪು. ಅದರ ಮೇಲೆ ಮುದ್ರಣಯಂತ್ರದ್ದು ನಾಲ್ಕನೆಯದು.

ಈ ನಾಲ್ಕನೆಯದನ್ನು ಮಾತ್ರ ನಾವು ತಪ್ಪಿಸಬಹುದಿತ್ತು. ಶಿಕ್ಷಕರು ತಂದ ಮುದ್ರಿತ ಪ್ರತಿಯಲ್ಲಿ ಮುಚ್ಚಿಹೋಗಿದ್ದ ಇನ್ನೂ ನಾಲ್ಕಾರು ಅಂಕಿಗಳು ಫಿಲ್ಮನ್ನೇ ಬೆಳಕಿಗೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಾಯಿ ಬಿಟ್ಟವು. ನಮ್ಮ ಎರಡು ಗುಂಡುಗಳು ಮಾತ್ರ ಗುಂಡುಗಳಾಗಿಯೇ ಉಳಿದವು.

ರೋಮನ್ ಅಳತೆಗೋಲು, ಕನ್ನಡದ ಪುಟ

ಮೈಕ್ರೊಫಿಲ್ಮ್ ತಯಾರಕರು ಗುಣಮಟ್ಟ ಅಳೆಯಲು ಒಂದು ಸೂಚಿಯನ್ನು ಬಳಸುತ್ತಾರೆ. ಪ್ರತಿ ಸುರುಳಿಯ ಆರಂಭದಲ್ಲಿ ಗೆರೆಗಳ ಪರೀಕ್ಷಾಪಟವೊಂದನ್ನು ಚಿತ್ರಿಸಿರಬೇಕು. ಅದರಲ್ಲಿ ಮಿಲಿಮೀಟರಿಗೆ ಎಷ್ಟು ಜೋಡಿಗೆರೆಗಳವರೆಗೆ ಬಿಡಿಬಿಡಿಯಾಗಿ ಕಾಣುತ್ತವೆ ಎಂಬುದನ್ನು ನೋಡಿ, ಆ ಸಂಖ್ಯೆಯನ್ನು ಪುಟದ ರೋಮನ್ ಲಿಪಿಯ ಸಣ್ಣ ‘ಇ’ ಅಕ್ಷರದ ಎತ್ತರದಿಂದ (ಮಿಮೀಗಳಲ್ಲಿ) ಗುಣಿಸುತ್ತಾರೆ. ಗುಣಲಬ್ಧ 8 ಆದರೆ ಉತ್ತಮ, 5 ಆದರೆ ಮಧ್ಯಮ, 3.6 ಆದರೆ ಹೇಗೋ ಓದಬಹುದು. ಸರಳವಾದ, ಉಪಯುಕ್ತವಾದ ಸೂಚಿ. 5 ಜೋಡಿಗೆರೆ ಕಾಣುವ ಫಿಲ್ಮಿನಲ್ಲಿ 1.5 ಮಿಮೀ ಎತ್ತರದ ಅಕ್ಷರಕ್ಕೆ 7.5 ಬರುತ್ತದೆ. ತಪಾಸಣೆಯವರು ಸಂತೋಷದಿಂದ ಸಹಿ ಹಾಕುತ್ತಾರೆ.

ನನ್ನ ಆಕ್ಷೇಪ ಇಲ್ಲಿದೆ. ಕನ್ನಡದಲ್ಲಿ ಅಳೆಯಬೇಕಾದುದು ಯಾವ ಅಕ್ಷರವನ್ನು? ಮೂಲಾಕ್ಷರ 1.5 ಮಿಮೀ ಇರುವ ಪುಟದಲ್ಲಿ ಅದರ ಕೆಳಗಿನ ಒತ್ತಕ್ಷರ 0.8 ಮಿಮೀ ಇದ್ದರೆ ಹೆಚ್ಚು. ಅದನ್ನಿಟ್ಟುಕೊಂಡು ಗುಣಿಸಿದರೆ ಅದೇ ಫಿಲ್ಮಿನ ಸೂಚಿ 7.5ರಿಂದ 4ಕ್ಕೆ ಇಳಿಯುತ್ತದೆ. ಉತ್ತಮದ ಹತ್ತಿರವಿದ್ದದ್ದು ‘ಹೇಗೋ ಓದಬಹುದು’ ಎಂಬಲ್ಲಿಗೆ ಬಂತು. ಮಹಾಪ್ರಾಣಗಳ ಕಥೆ ಇನ್ನೂ ಕಷ್ಟ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಅಡಿಯಲ್ಲಿನ ಒಂದು ಸಣ್ಣ ಸೀಳು. ಧ ಮತ್ತು ಥ, ರ ಮತ್ತು ಠ ಇವುಗಳ ನಡುವಿನದು ಹೊಟ್ಟೆಯೊಳಗಿನ ಒಂದು ಚುಕ್ಕೆ. ರೋಮನ್ ಲಿಪಿಗೆ ಮಾಡಿದ ಅಳತೆಗೋಲಿನಿಂದ ಕನ್ನಡದ ಪುಟವನ್ನು ಅಳೆದು ‘ತೃಪ್ತಿಕರ’ ಎಂದು ಬರೆಯುವುದು, ಅಕ್ಕಿ ಅಳೆಯುವ ಸೇರಿನಲ್ಲಿ ಚಿನ್ನವನ್ನು ತೂಗಿದಂತೆ.

ಪದಗಳಾದರೆ ಓದುಗನೇ ತುಂಬಿಕೊಳ್ಳುತ್ತಾನೆ. ‘ವಿದ್ಯಾರ್ಥಿ’ ಎಂಬಲ್ಲಿ ಥಕಾರದ ಚುಕ್ಕೆ ಹಾರಿಹೋಗಿದ್ದರೂ ಯಾರೂ ತಡವರಿಸುವುದಿಲ್ಲ. ಅಂಕಿಗಳಿಗೆ ಅಂಥ ನೆರೆಹೊರೆಯ ನೆರವಿಲ್ಲ. ಆದ್ದರಿಂದ ಮಳೆ, ಬೆಲೆ, ಜನನ-ಮರಣ, ತಾರೀಖು ಇಂಥ ಯಾವುದನ್ನೇ ಫಿಲ್ಮಿನಿಂದ ಎತ್ತಿಕೊಳ್ಳುವವರು ಪ್ರತಿಯೊಂದು ಅಂಕಿಯನ್ನೂ ಪ್ರಯೋಗಾಲಯದ ಅಳತೆಯಂತೆ ಕಾಣಬೇಕು. ಅಳತೆಗೆ ದೋಷದ ಮಿತಿ ಬರೆಯುವಂತೆ ಇಲ್ಲಿಯೂ ಬರೆಯಬೇಕು. ಸಮಾಜವಿಜ್ಞಾನದ ಎಷ್ಟೋ ಪ್ರಬಂಧಗಳಲ್ಲಿ ಹಳೆಯ ಪತ್ರಿಕೆಗಳ ಕೋಷ್ಟಕಗಳನ್ನು ಕಂಡಿದ್ದೇನೆ. ಆಧಾರ ಕಾಗದವೋ ಫಿಲ್ಮೋ ಎಂಬ ಒಂದು ಮಾತು ಅವುಗಳಲ್ಲಿ ಕಾಣುವುದು ಅಪರೂಪ.

ಡಬ್ಬಿಯೊಳಗಿನ ಹುಳಿ ವಾಸನೆ

ಆ ಗ್ರಂಥಾಲಯದಲ್ಲಿ ಸುರುಳಿಯ ಡಬ್ಬಿ ತೆರೆದಾಗ ಮೂಗಿಗೆ ಬಡಿದದ್ದು ವಿನೆಗರ್ ವಾಸನೆ. "ಸಾರ್, ಅದು ಹಳೇ ಡಬ್ಬಿ, ಹಂಗೇ ವಾಸ್ನೆ ಬರ್ತದೆ" ಎಂದರು ಅಲ್ಲಿನ ಸಿಬ್ಬಂದಿ. ವಾಸನೆ ಡಬ್ಬಿಯದಲ್ಲ. ಹಳೆಯ ಫಿಲ್ಮುಗಳ ಆಧಾರ ಸೆಲ್ಯುಲೋಸ್ ಅಸಿಟೇಟ್. ತೇವಾಂಶ ತಾಗಿದರೆ ಅದರಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಹುಟ್ಟಿದ ಆಮ್ಲವೇ ಮುಂದಿನ ಕ್ರಿಯೆಗೆ ವೇಗವರ್ಧಕ. ಮುಚ್ಚಿದ ಡಬ್ಬಿಯಲ್ಲಿ ಅದು ಹೊರಹೋಗದೆ ಕೆಲಸ ಬಿರುಸಾಗುತ್ತದೆ. ಫಿಲ್ಮ್ ಕುಗ್ಗಿ ಸುಕ್ಕಾಗುತ್ತದೆ, ಪಕ್ಕದ ಡಬ್ಬಿಗಳಿಗೂ ಆಮ್ಲದ ಆವಿ ಹರಡುತ್ತದೆ. ರೋಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟಿನ ಅಂದಾಜಿನಂತೆ 21 ಡಿಗ್ರಿ ಸೆಲ್ಸಿಯಸ್, ಶೇ 50 ಸಾಪೇಕ್ಷ ಆರ್ದ್ರತೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿನಲ್ಲಿ ಈ ರೋಗ ತಲೆದೋರಲು ಸುಮಾರು 40 ವರ್ಷ ಬೇಕು. ಉಷ್ಣತೆಯೂ ತೇವವೂ ಹೆಚ್ಚಿದಷ್ಟು ಆ ಅವಧಿ ಕುಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ, ಹವಾನಿಯಂತ್ರಣ ಇಲ್ಲದ ಕೋಣೆಯಲ್ಲಿ, ಶೇ 50 ಎಂಬುದು ಕನಸು.

ಪಾಲಿಯೆಸ್ಟರ್ ಆಧಾರದ, ಸರಿಯಾಗಿ ಸಂಸ್ಕರಿಸಿ ತೊಳೆದ ಬೆಳ್ಳಿ ಫಿಲ್ಮಿಗೆ ಈ ರೋಗವಿಲ್ಲ. ತಂಪಾದ, ಒಣ ಜಾಗದಲ್ಲಿಟ್ಟರೆ 500 ವರ್ಷ ಬಾಳುತ್ತದೆ ಎಂಬ ಶ್ರೇಣಿ ಅದಕ್ಕೆ ಇದೆ. ಇದನ್ನು ಕೇಳಿದವರು ಎಲ್ಲ ಮೈಕ್ರೊಫಿಲ್ಮೂ 500 ವರ್ಷ ಬಾಳುತ್ತದೆ ಎಂದು ಭಾವಿಸಿಬಿಡುತ್ತಾರೆ. ಓದುಗರ ಕೈಗೆ ಕೊಡುವ ಪ್ರತಿಗಳು ಎಷ್ಟೋ ಕಡೆ ಡಯಜೋ ಫಿಲ್ಮುಗಳು. ಅವುಗಳ ಬಣ್ಣ ಓದುಯಂತ್ರದ ದೀಪದಲ್ಲೇ ಮಸುಕಾಗುತ್ತ ಹೋಗುತ್ತದೆ. ಗ್ರಂಥಾಲಯದ ಸೂಚಿಯಲ್ಲಿ ಸುರುಳಿಯ ಆಧಾರವಸ್ತು, ತಲೆಮಾರು, ಕಿರಿದಾಗಿಸಿದ ಪ್ರಮಾಣ, ಚಿತ್ರಿಸಿದ ವರ್ಷ ಈ ನಾಲ್ಕು ಸಂಗತಿಗಳಿರಬೇಕು. ನಾನು ನೋಡಿದ ಸೂಚಿಯಲ್ಲಿ ಇದ್ದದ್ದು ಪತ್ರಿಕೆಯ ಹೆಸರು ಮತ್ತು ‘ಮೈ.ಫಿ.’ ಎಂಬ ಎರಡಕ್ಷರ.

ಕಾಗದ ಎಲ್ಲಿ ಹೋಯಿತು?

ಮೂಲ ಸಂಪುಟ ಎಲ್ಲಿ ಎಂದು ಕೇಳಿದೆ. ಫಿಲ್ಮ್ ಬಂದ ಮೇಲೆ, ಹುಳು ಬಿದ್ದಿತ್ತೆಂದು, ತೂಕಕ್ಕೆ ಹೋಯಿತಂತೆ.

ಅಮೆರಿಕದ ಕಾದಂಬರಿಕಾರ ನಿಕೊಲ್ಸನ್ ಬೇಕರ್ 2001ರಲ್ಲಿ ‘ಡಬಲ್ ಫೋಲ್ಡ್’ ಎಂಬ ಪುಸ್ತಕ ಬರೆದು ಇದೇ ದೂರನ್ನು ಜಗತ್ತಿನ ಮುಂದಿಟ್ಟ. ಪುಟದ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ, ಅದು ಎಷ್ಟನೆಯ ಮಡಿಕೆಗೆ ಮುರಿಯುತ್ತದೆಂದು ನೋಡಿ ಪುಸ್ತಕದ ಆಯುಷ್ಯವನ್ನು ತೀರ್ಮಾನಿಸುವ ಪರೀಕ್ಷೆಯೇ ಆ ಶೀರ್ಷಿಕೆ. ಬೇಕರ್ ಕೇಳುವುದು ನ್ಯಾಯವಾದ ಪ್ರಶ್ನೆ: ಪುಟವನ್ನು ಯಾರೂ ಓದುವಾಗ ಮೂಲೆ ಮಡಿಸಿ ಮುರಿಯುವುದಿಲ್ಲ, ತಿರುವುತ್ತಾರೆ; ತಿರುವಿದರೆ ಉಳಿಯುವ ಪುಟಕ್ಕೆ ಮರಣಪತ್ರ ಬರೆಯುವುದೇಕೆ? ಭೌತವಿಜ್ಞಾನಿಯಾಗಿ ನಾನು ಒಪ್ಪುತ್ತೇನೆ. ಪರೀಕ್ಷೆ ಅಳೆಯುತ್ತಿರುವುದು ಬೇಕಾದ ಗುಣವನ್ನಲ್ಲ. ಬ್ರಿಟಿಷ್ ಲೈಬ್ರರಿ ಕೈಬಿಟ್ಟ ಅಮೆರಿಕದ ಪತ್ರಿಕಾ ಸಂಪುಟಗಳನ್ನು ಆತ ತಾನೇ ಕೊಂಡು ಉಳಿಸಿದ. 2004ರಲ್ಲಿ ಅವು ಡ್ಯೂಕ್ ವಿಶ್ವವಿದ್ಯಾನಿಲಯ ಸೇರಿದವು.

ಆದರೆ ಬೇಕರ್ ವಾದವನ್ನು ಹಾಗೆಯೇ ಎತ್ತಿ ಮೈಸೂರಿಗೆ ತಂದರೆ ಹೊಂದುವುದಿಲ್ಲ. ಆತನ ಎದುರಿಗಿದ್ದದ್ದು ಚಳಿದೇಶದ ಉಗ್ರಾಣಗಳಲ್ಲಿ ಗಟ್ಟಿಯಾಗಿಯೇ ಇದ್ದ ಸಂಪುಟಗಳು. ನಮ್ಮಲ್ಲಿ ಗೆದ್ದಲು, ಪುಸ್ತಕದ ಹುಳು, ಸೋರುವ ಮಾಳಿಗೆ. ಫಿಲ್ಮ್ ಮಾಡದಿದ್ದರೆ ನಮ್ಮ ಆ ಎರಡು ಗುಂಡುಗಳೂ ಇರುತ್ತಿರಲಿಲ್ಲ, ಮೊತ್ತವೂ ಇರುತ್ತಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಮ್ಮ ರಾಷ್ಟ್ರೀಯ ಗ್ರಂಥಾಲಯದ ಜೊತೆಗೂಡಿ 1901ರಿಂದ 1953ರವರೆಗಿನ ಭಾರತೀಯ ಭಾಷೆಗಳ ಪುಸ್ತಕಗಳನ್ನು ಮೈಕ್ರೊಫಿಶ್‌ಗೆ ಇಳಿಸಿದ ಯೋಜನೆಯಲ್ಲಿ ಕನ್ನಡವೂ ಸೇರಿತ್ತು. ಆ ಕೆಲಸವನ್ನು ಹಳಿಯುವ ಮನಸ್ಸು ನನಗಿಲ್ಲ. ಫಿಲ್ಮ್ ಮಾಡಿದ್ದು ತಪ್ಪಲ್ಲ. ಫಿಲ್ಮ್ ಮಾಡಿದೆವೆಂಬ ಧೈರ್ಯದಲ್ಲಿ ಕಾಗದವನ್ನು ಬಿಟ್ಟದ್ದು ತಪ್ಪು. ಎರಡನ್ನೂ ಉಳಿಸಿಕೊಂಡವರು ನೆರೆಯಲ್ಲೇ ಇದ್ದಾರೆ. ಚೆನ್ನೈನ ರೋಜಾ ಮುತ್ತಯ್ಯ ಗ್ರಂಥಾಲಯದ ತಮಿಳು ಸಂಗ್ರಹವನ್ನು 1994ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯ ಕೊಂಡಾಗ ಪುಸ್ತಕಗಳನ್ನು ಹಡಗಿಗೆ ಏರಿಸಲಿಲ್ಲ. ಅಲ್ಲೇ ಇಟ್ಟು, ಅಲ್ಲೇ ಮೈಕ್ರೊಫಿಲ್ಮ್ ಮಾಡಿಸಿತು.

ಎರಡು ಮೆಟ್ಟಿಲ ಬಣ್ಣ, ಅರವತ್ತೈದು ಸಾವಿರ ಮೆಟ್ಟಿಲ ಬಣ್ಣ

"ಈಗೇಕೆ ಸಾರ್ ಫಿಲ್ಮಿನ ಮಾತು, ಎಲ್ಲ ಡಿಜಿಟಲ್ ಆಯಿತಲ್ಲ" ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಅಂತರಜಾಲದಲ್ಲಿ ಸಿಗುವ ಹಳೆಯ ಪತ್ರಿಕೆಗಳಲ್ಲಿ ಎಷ್ಟೋ ಕಾಗದದಿಂದ ಬಂದವಲ್ಲ, ಫಿಲ್ಮಿನಿಂದ ಸ್ಕ್ಯಾನ್ ಆದವು. ಫಿಲ್ಮ್ ಮುಚ್ಚಿದ ಬಾಯಿಯನ್ನು ಯಾವ ಸ್ಕ್ಯಾನರೂ ತೆರೆಯಲಾರದು. ಪುಟದ ಸುತ್ತ ಕರಿಯ ಚೌಕಟ್ಟು, ಉದ್ದಕ್ಕೂ ಸಾಗುವ ಸಣ್ಣ ಬಿಳಿಯ ಗೀರುಗಳು ಕಂಡರೆ ಅದು ಫಿಲ್ಮಿನ ಸಂತಾನವೆಂದು ಅನುಮಾನಿಸಬಹುದು.

ಕಾಗದದಿಂದ ನೇರವಾಗಿ ಸ್ಕ್ಯಾನ್ ಮಾಡಿದ ಕಡೆಯೂ ಹಳೆಯ ತಪ್ಪು ಮರುಕಳಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ, ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಸಹಯೋಗದಿಂದ, 2000ದ ದಶಕದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಬಹು ದೊಡ್ಡ ಸಾಹಸ. ಅದರ ಮೂಲ ತಾಣ ಮರೆಯಾದ ಮೇಲೂ ಅನೇಕ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ನಾನೂ ವಾರಕ್ಕೊಮ್ಮೆ ಅಲ್ಲಿಗೆ ಹೋಗುವವನೇ. ಆದರೆ ಆ ಪುಟಗಳು ಅಂಗುಲಕ್ಕೆ 600 ಬಿಂದುಗಳ ಸೂಕ್ಷ್ಮತೆಯಿದ್ದೂ ಬಿಂದುವಿಗೆ ಒಂದೇ ಬಿಟ್‌ನವು. ಕಪ್ಪು ಅಥವಾ ಬಿಳುಪು. ಮತ್ತೆ ತೀರ್ಪು!

ಬೇರೆ ದಾರಿಯೂ ಇತ್ತು ಎಂಬುದಕ್ಕೆ ಸಾಕ್ಷಿ ನಮ್ಮದೇ ವಿಷಯದಲ್ಲಿದೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಗಾಜಿನ ಫಲಕ ಮತ್ತು ಫಿಲ್ಮುಗಳ ಆ ಭಂಡಾರವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಾಗ ಬಿಂದುವಿಗೆ 16 ಬಿಟ್ ಬಳಸಿತು. ಎಂದರೆ ಕಪ್ಪಿನಿಂದ ಬಿಳುಪಿಗೆ 2 ಮೆಟ್ಟಿಲಲ್ಲ, 65,536 ಮೆಟ್ಟಿಲು. ತೀರ್ಪನ್ನು ಯಂತ್ರ ಕೊಡಲಿಲ್ಲ, ಓದುವ ವಿಜ್ಞಾನಿಗೆ ಬಿಟ್ಟಿತು. ಸೌರಕಲೆಗಳಿಗೆ ಸಿಕ್ಕ ಮರ್ಯಾದೆ ನಂಜನಗೂಡಿನ ಮಳೆಗೆ ಏಕೆ ಸಿಗಬಾರದು?

ಇನ್ನೊಂದು ತಮಾಷೆ. ಗಿಟ್‌ಹಬ್ ಎಂಬ ತಂತ್ರಾಂಶ ಕಂಪನಿ 2020ರಲ್ಲಿ ತನ್ನಲ್ಲಿದ್ದ ಸಕ್ರಿಯ ಸಾರ್ವಜನಿಕ ತಂತ್ರಾಂಶವನ್ನು ಸಾವಿರ ವರ್ಷ ಉಳಿಯಲೆಂದು ಉತ್ತರಧ್ರುವದ ಬಳಿಯ ಸ್ವಾಲ್ಬಾರ್ಡಿನ ಗಣಿಯೊಂದರಲ್ಲಿ ಇರಿಸಿತು. ಇರಿಸಿದ್ದು ಯಾವುದರಲ್ಲಿ? 186 ಸುರುಳಿ ಫಿಲ್ಮಿನಲ್ಲಿ. ಗಣಕದ ಮಂದಿಗೇ ಗಣಕದ ತಟ್ಟೆಗಳ ಮೇಲೆ ಅಷ್ಟು ನಂಬಿಕೆ!

ಓದುವವರಿಗೆ ಕೆಲವು ಮಾತು

ಗ್ರಂಥಾಲಯಗಳಲ್ಲಿ ಓದುಯಂತ್ರ ಕೆಟ್ಟಿದೆ, ದೀಪ ಸಿಗುತ್ತಿಲ್ಲ ಎಂಬುದು ಸಾಮಾನ್ಯ ಉತ್ತರ. ಅಷ್ಟಕ್ಕೇ ಹಿಂದಿರುಗಬೇಕಿಲ್ಲ. ಮೈಕ್ರೊಫಿಲ್ಮಿನ ದೊಡ್ಡ ಗುಣವೆಂದರೆ ಅದನ್ನು ಓದಲು ತಂತ್ರಾಂಶ ಬೇಡ, ಬೆಳಕು ಮತ್ತು ಮಸೂರ ಸಾಕು. ಪ್ರೌಢಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲಿ 10 ಪಟ್ಟಿನ ನೇತ್ರಮಸೂರ, 4 ಪಟ್ಟಿನ ವಸ್ತುಮಸೂರ ಜೋಡಿಸಿದರೆ ಸುಮಾರು 4.5 ಮಿಮೀ ವ್ಯಾಸದ ಕ್ಷೇತ್ರ ಕಾಣುತ್ತದೆ. 24 ಪಟ್ಟು ಕಿರಿದಾಗಿಸಿದ ಎ-4 ಪುಟ ಮೈಕ್ರೊಫಿಶ್‌ನಲ್ಲಿ 8.75 ಮಿಮೀ ಅಗಲ. ಎಂದರೆ ಅರ್ಧ ಸಾಲು ಒಮ್ಮೆಗೆ ಕಾಣುತ್ತದೆ, ಅದೂ ಮೂಲ ಅಚ್ಚಿಗಿಂತ ಒಂದೂವರೆ ಪಟ್ಟು ದೊಡ್ಡದಾಗಿ. ಪುಸ್ತಕ ಓದಲು ಇದು ಆಗದು. ಅನುಮಾನದ ಅಂಕಿ ನೋಡಲು ಧಾರಾಳ. ಗ್ರಂಥಪಾಲಕರ ಅನುಮತಿ ಪಡೆದು, ಅವರ ಎದುರಿನಲ್ಲೇ, ಅಂಚು ಮಾತ್ರ ಹಿಡಿದು, ಹತ್ತಿ ಕೈಗವಸು ತೊಟ್ಟು ಮಾಡಬೇಕಾದ ಕೆಲಸ ಇದು. ದೀಪ ಬಿಸಿಯಾಗದ ಎಲ್‌ಇಡಿ ಆಗಿರಲಿ.

ಸುರುಳಿಯ ಮೊದಲ ಚೌಕಟ್ಟುಗಳನ್ನು ಹಾರಿಸಬೇಡಿ. ಪರೀಕ್ಷಾಪಟವಿದ್ದರೆ ಎಷ್ಟನೆಯ ಗೆರೆಯವರೆಗೆ ಕಾಣುತ್ತದೆಂದು ಬರೆದುಕೊಂಡು, ಮೇಲೆ ಹೇಳಿದಂತೆ ಒತ್ತಕ್ಷರದ ಎತ್ತರದಿಂದ ಗುಣಿಸಿ. ಕೋಷ್ಟಕ ಸಿಕ್ಕರೆ ಅಡ್ಡಲೂ ಉದ್ದಲೂ ಕೂಡಿ ನೋಡಿ. ಮುದ್ರಿತ ಪ್ರತಿ ಕೇಳುವಾಗ ಕಪ್ಪು-ಬಿಳುಪಿನದಲ್ಲ, ಬೂದುಛಾಯೆಯ ಪ್ರತಿ ಕೊಡಿ ಎಂದು ಹೇಳಿ. ಹೊಸ ಯಂತ್ರಗಳಲ್ಲಿ ಆ ಗುಂಡಿ ಇದೆ, ಒತ್ತುವವರಿಲ್ಲ. ವಿನೆಗರ್ ವಾಸನೆ ಬಂದರೆ ಆ ಡಬ್ಬಿಯನ್ನು ಉಳಿದವುಗಳಿಂದ ಬೇರೆ ಇಡುವಂತೆ ಗ್ರಂಥಪಾಲಕರಿಗೆ ತಿಳಿಸಿ.

ಮಕ್ಕಳ ವರದಿಯಲ್ಲಿ ಈಗ ಆ ಎರಡು ದಿನಗಳ ಮುಂದೆ "0 ಅಥವಾ 1, ಎರಡರಲ್ಲಿ ಒಂದು ಮಾತ್ರ 1" ಎಂದು ಬರೆದಿದೆ, ತೀರ್ಮಾನದ ಜಾಗದಲ್ಲಿ ಎರಡು ಸಾಧ್ಯತೆಗಳಿವೆ. ತೀರ್ಮಾನವಿಲ್ಲದ ಯೋಜನೆಗೆ ಬಹುಮಾನ ಬರುವುದಿಲ್ಲವೆಂದು ಒಬ್ಬ ಹುಡುಗಿ ಬೇಸರಪಟ್ಟಳಂತೆ. ತಿಂಗಳ ಒಟ್ಟು ಮಳೆ ಬೇರೆಡೆ ಸಿಕ್ಕರೂ ದಿನದ ಲೆಕ್ಕ ಅದರಿಂದ ಹೊರಡುವುದಿಲ್ಲವಾದ್ದರಿಂದ, ಹಳೆಯ ದಿನವಹಿ ಅಂಕಿಗಳಿಗಾಗಿ ಶಿಕ್ಷಕರು ಹವಾಮಾನ ಇಲಾಖೆಗೆ ಪತ್ರ ಬರೆದಿದ್ದಾರೆ. ಉತ್ತರ ಬರಬೇಕಾಗಿದೆ. ನಂಜನಗೂಡು, ನರಸೀಪುರ, ಮೈಸೂರು ಕಡೆಯ ಓದುಗರ ಮನೆಯ ಅಟ್ಟದಲ್ಲಿ 1924ರ ಜುಲೈ ತಿಂಗಳ ಯಾವುದಾದರೂ ಕನ್ನಡ ಪತ್ರಿಕೆಯ ಹರಿದ ಸಂಚಿಕೆಯಿದ್ದರೂ ಸರಿಯೆ, ಅದನ್ನು ತೂಕಕ್ಕೆ ಹಾಕುವ ಮುನ್ನ ಮಳೆಯ ಪಟ್ಟಿಯಲ್ಲಿ ನಂಜನಗೂಡಿನ ಸಾಲನ್ನು ಒಮ್ಮೆ ನೋಡಿ ಈ ಪತ್ರಿಕೆಗೆ ಬರೆಯಬೇಕೆಂದು ಕೋರುತ್ತೇನೆ.